ಪ್ಲಗ್ಗು ಕೀಳಬಾರದ ಒಂದು ಗಂಟೆ

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಆದರೆ ಆ ಕಟ್ಟಡದಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲ ಮಹಡಿಯವರಿಗೂ ಅವನು ‘ಏನ್ಮಹಾ’. ಯಾರ ಮನೆಯಲ್ಲಿ ಏನು ಕೆಟ್ಟರೂ, ಅವರು ಹೇಳಿ ಮುಗಿಸುವ ಮೊದಲೇ “ಅಯ್ಯೋ, ಅದೇನ್ಮಹಾ! ಕೊಡಿ ಇಲ್ಲಿ” ಎಂದು ಸ್ಕ್ರೂಡ್ರೈವರ್ ಹಿಡಿದು ನಿಲ್ಲುವುದು ಅವನ ಹುಟ್ಟುಗುಣ. ಅವನು ರಿಪೇರಿ ಮಾಡಿದ ಕರೆಗಂಟೆ ಒತ್ತಿದಾಗ ಸುಮ್ಮನಿದ್ದು, ಒತ್ತಿದವರು ಬೇಸತ್ತು ಮೆಟ್ಟಿಲಿಳಿದ ಮೇಲೆ ಬಡಿದುಕೊಳ್ಳುತ್ತದೆ. ಅವನು ಬಿಚ್ಚಿ ಜೋಡಿಸಿದ ಫ್ಯಾನು ಗಾಳಿಯನ್ನು ಸೂರಿನ ಕಡೆಗೆ ಬೀಸುತ್ತದೆ. ಸೂರು ತಂಪಾಗಿದೆ, ಕೆಳಗಿನವರು ಬೆವರುತ್ತಾರೆ. ಹಗಲು ಅವನು ಬಣ್ಣದ ಅಂಗಡಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ. ಅಲ್ಲಿ ಅವನಿಗೆ ಬಹಳ ಒಳ್ಳೆಯ ಹೆಸರು. ಬಣ್ಣದ ಡಬ್ಬಿಗೆ ತಿರುಪು ಇರುವುದಿಲ್ಲವಲ್ಲ.

ಅವನ ಹೆಂಡತಿ ಮಾತ್ರ ಅವನನ್ನು ಹಾಗೆ ಕರೆದು ಆಡಿಕೊಂಡವಳಲ್ಲ. ಬಲು ಸಮಾಧಾನದ ಹೆಂಗಸು. ನಲ್ಲಿ ಸೋರಿದರೆ ಗಂಡ ಅಂಗಡಿಗೆ ಹೋಗುವ ತನಕ ಕಾದು, ಆಮೇಲೆ ಪ್ಲಂಬರಿಗೆ ಫೋನ್ ಮಾಡುತ್ತಿದ್ದಳು, ಅಷ್ಟೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು ಅವಳು. ಆ ಅತ್ತೆಯೋ ಯಾರು ಮಾತ್ರೆ ಕೊಟ್ಟರೂ ತುಪುಕ್ಕೆಂದು ಉಗಿಯುವ ಜಾತಿ. ಇವಳು ಪಕ್ಕದಲ್ಲಿ ಕೂತು ನಾಲ್ಕು ಮಾತಾಡಿದರೆ ಮಗುವಿನ ಹಾಗೆ ನುಂಗುತ್ತಿದ್ದಳು. ಅತ್ತೆ ಹೋದ ಮೇಲೆ ಮನೆಯಲ್ಲಿ ಮಾತಿಗೆ ಜನ ಕಡಿಮೆಯಾದರು. ಹೊರಗೆ ಕೆಲಸಕ್ಕೆ ಹೋಗಬೇಕೆಂದು ಅವಳಿಗೆ ಆಸೆಯಾಯಿತು. ಎರಡು ಕಡೆಯಿಂದ ಇಂಟರ್‌ವ್ಯೂ ಬಂತು. ಎರಡೂ ಕಂಪ್ಯೂಟರಿನ ಪರದೆಯ ಮೇಲೆಯೇ. ಎರಡು ಸಲವೂ ನಡುವಿನಲ್ಲಿ ಲೈನು ಕಡಿದುಹೋಗಿ, ಅವಳು ಬಾಯಿ ತೆರೆದ ಭಂಗಿಯಲ್ಲೇ ಕಲ್ಲಾದಳು. ಮತ್ತೆ ಲೈನು ಬರುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಾಗಿತ್ತು.

ಅದಕ್ಕಿಂತ ದೊಡ್ಡ ಹಿಂಸೆ ಆಮೇಲಿನದು. ಏನ್ಮಹಾ ಮೊದಲೇ ಊರಿಗೆಲ್ಲ ಡಂಗುರ ಸಾರಿದ್ದರಿಂದ, ಎಲ್ಲ ಮಹಡಿಯವರೂ ಸರದಿಯಲ್ಲಿ ಬಂದು ಸಮಾಧಾನ ಹೇಳಿ ಹೋದರು. “ಹೋಗ್ಲಿ ಬಿಡಮ್ಮ, ಹಣೇಲಿ ಬರ್ದಿದ್ರೆ ತಾನೆ” ಎಂದು ಅವಳ ಹಣೆಯನ್ನೇ ದಿಟ್ಟಿಸಿ ನೋಡಿದರು.

ಆದ್ದರಿಂದ ಮೂರನೆಯ ಇಂಟರ್‌ವ್ಯೂ ಗೊತ್ತಾದಾಗ ಅವಳು ಗಂಡನ ಕೈಯನ್ನು ತನ್ನ ತಲೆಯ ಮೇಲಿಡಿಸಿಕೊಂಡಳು.

“ಯಾರಿಗೂ ಹೇಳಬಾರ್ದು ರೀ. ನನ್ನಾಣೆ. ಸೋತ್ರೆ ನಾನೇ ಸೋತ್ಕೋತೀನಿ. ಸಮಾಧಾನ ಹೇಳಿಸ್ಕೊಳ್ಳೋಕೆ ಇನ್ನು ನನ್ನಲ್ಲಿ ಶಕ್ತಿ ಇಲ್ಲ.”

“ಹೇಳಲ್ಲ ಕಣೇ. ಬಾಯಿಗೆ ಬೀಗ” ಎಂದ ಅವನು.

ಈ ಸಲದ ಕೆಲಸ ಅವಳಿಗೆಂದೇ ಹುಟ್ಟಿದಂತಿತ್ತು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದಾಗ ಲಿಫ್ಟ್ ಕಂಪನಿಯಲ್ಲಿ ಒಬ್ಬರು ಫೋನು ಎತ್ತಿಕೊಳ್ಳಬೇಕು. ಮೆಕ್ಯಾನಿಕ್ ಬಂದು ಬಾಗಿಲು ತೆರೆಯುವ ತನಕ ಅವರೊಂದಿಗೆ ಮಾತಾಡುತ್ತಾ ಧೈರ್ಯ ಕೊಡಬೇಕು. ಆ ಕೆಲಸ ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಹೇಳದಿದ್ದರೂ, ತುಂಬಾ ಬೇಕಿತ್ತು. ಅದು ಅವನಿಗೆ ಗೊತ್ತಿತ್ತು. ಈ ಸಲ ಲೈನು ಕಡಿಯಬಾರದು ಎಂದು ಅವನು ಮನಸ್ಸಿನಲ್ಲೇ ಪಣ ತೊಟ್ಟ. ಅನಾಹುತಗಳೆಲ್ಲ ಹುಟ್ಟುವುದು ಇಂಥ ಒಳ್ಳೆಯ ಮನಸ್ಸಿನಲ್ಲಿಯೇ.

ಇಡೀ ಕಟ್ಟಡಕ್ಕೆ ಇಂಟರ್ನೆಟ್ ಹಂಚುವುದು ಮೊದಲ ಮಹಡಿಯ ಮೆಟ್ಟಿಲ ಬಳಿ, ವಕೀಲರ ಬಾಗಿಲ ಪಕ್ಕದ ಗೂಡಿನಲ್ಲಿ ಕೂತಿದ್ದ ಒಂದು ಚಪ್ಪಟೆ ಪೆಟ್ಟಿಗೆ. ಅದಕ್ಕೆ ಸ್ವಿಚ್ ಎನ್ನುತ್ತಾರೆ. ಹೊರಗಿನಿಂದ ಒಂದು ತಂತಿ ಅದರೊಳಕ್ಕೆ ಬರುತ್ತದೆ, ಅದರಿಂದ ಪ್ರತಿ ಮನೆಗೂ ಒಂದೊಂದು ತಂತಿ ಹೋಗುತ್ತದೆ. ಯಾರ ಮನೆಯದು ಯಾರಿಗೂ ಕಾಣದಂತೆ ನಡುವೆ ಗೋಡೆ ಹಾಕಿ ಕಾಯುವುದೂ ಆ ಪೆಟ್ಟಿಗೆಯ ಕೆಲಸ. ಮೆಟ್ಟಿಲ ಬಳಿ ಕರೆಂಟಿನ ಪಾಯಿಂಟು ಇಲ್ಲದ್ದರಿಂದ, ಅದರ ಪ್ಲಗ್ಗು ಮಾತ್ರ ಕಿಟಕಿಯಿಂದ ತೂರಿ ವಕೀಲರ ಹಾಲಿನಲ್ಲಿ, ಟಿವಿಯ ಪಕ್ಕದಲ್ಲಿ ಸಿಕ್ಕಿಸಿಕೊಂಡಿತ್ತು.

ಲೈನು ಯಾಕೆ ಕಡಿಯುತ್ತದೆಂದು ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಾಗ ಅಲ್ಲಿನ ಹುಡುಗಿ, “ಸರ್, ನಿಮ್ಮ ಸ್ವಿಚ್ಚಿನ ಫರ್ಮ್‌ವೇರ್ ತುಂಬಾ ಹಳೇದು. ಅದರಲ್ಲೇ ದೋಷ ಇದೆ. ಹೊಸದು ಹಾಕಿದ್ರೆ ಸರಿಹೋಗುತ್ತೆ. ನಮ್ಮವರು ಮುಂದಿನ ತಿಂಗಳು ಬರ್ತಾರೆ” ಎಂದಳು.

ಫರ್ಮ್‌ವೇರ್ ಎಂದರೆ ಪೆಟ್ಟಿಗೆಯೊಳಗಿನ ಬುದ್ಧಿ. ಹಳೆಯ ಬುದ್ಧಿ ತೆಗೆದು ಹೊಸ ಬುದ್ಧಿ ತುಂಬಬೇಕು.

“ಮುಂದಿನ ತಿಂಗಳಾ? ಅದೇನ್ಮಹಾ, ನಾನೇ ಹಾಕ್ಕೋತೀನಿ” ಎಂದ ನಮ್ಮವನು.

ಇಂಟರ್‌ವ್ಯೂ ಇದ್ದ ಶನಿವಾರ ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ, ವಕೀಲರ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಲ್ಯಾಪ್‌ಟಾಪನ್ನು ತಂತಿಯಿಂದ ಪೆಟ್ಟಿಗೆಗೆ ಜೋಡಿಸಿದ. ಸತ್ಯವಾಗಿ ಹೇಳಬೇಕೆಂದರೆ ಅವನು ಆವತ್ತು ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಪೆಟ್ಟಿಗೆಯ ಬೆನ್ನ ಮೇಲಿನ ನಂಬರು ಓದಿ ಅದೇ ನಂಬರಿನ ಫೈಲು ಇಳಿಸಿದ. ಹಾಕಿದ. ಕಾಯಬೇಕೆಂದಾಗ ಕಾದ. ಒಂದೇ ಒಂದು ಕಡೆ ಸಣ್ಣದೊಂದು ಎಡವಟ್ಟಾಯಿತು.

ಬಹಳ ಹಿಂದೆ ಆ ಪೆಟ್ಟಿಗೆಯನ್ನು ಕೂರಿಸಿದ ಮಹಾನುಭಾವ, ಯಾವ ಮನೆಗೆ ಯಾವ ಗೋಡೆ ಎಂದು ಅದಕ್ಕೆ ಹೇಳಿಕೊಟ್ಟಿದ್ದ, ಆದರೆ ಬರೆದಿಟ್ಟುಕೋ ಎಂದು ಹೇಳಿರಲಿಲ್ಲ. ಪಾಪ, ವಕೀಲರ ಮನೆಯ ಇನ್ವರ್ಟರಿನ ದಯೆಯಿಂದ ಕರೆಂಟು ಹೋದಾಗಲೂ ಆರದೆ, ಅದು ಇಷ್ಟು ವರ್ಷ ಎಲ್ಲವನ್ನೂ ಬಾಯಿಪಾಠದಲ್ಲೇ ನಡೆಸಿಕೊಂಡು ಬಂದಿತ್ತು. ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಎಲ್ಲವೂ ಮರೆತಂತೆ. ಪರದೆಯ ಮೂಲೆಯಲ್ಲಿ ‘ಉಳಿಸದ ಹೊಂದಿಕೆಗಳಿವೆ, ಉಳಿಸಬೇಕೆ?’ ಎಂದು ಒಂದು ಹಳದಿ ಪಟ್ಟಿ ಮಿಣಮಿಣ ಎನ್ನುತ್ತಿತ್ತು. ಏನ್ಮಹಾ ಅದನ್ನು ಜಾಹೀರಾತು ಎಂದುಕೊಂಡು ಮುಚ್ಚಿದ.

ಪೆಟ್ಟಿಗೆ ಕಣ್ಣು ಮುಚ್ಚಿತು, ತೆರೆಯಿತು. ದೀಪಗಳೆಲ್ಲ ಹಸಿರಾಗಿ ಹೊಳೆದವು. ಲೈನು ಬಂತು. ಕಟ್ಟಡದ ಮನೆಗಳೆಲ್ಲ ಸದ್ದಿಲ್ಲದೆ ಒಂದೇ ಮನೆಯಾದವು.

ಮೊದಲು ಪೆಟ್ಟು ಬಿದ್ದದ್ದು ವಕೀಲರಿಗೆ. ಶನಿವಾರವಾದ್ದರಿಂದ ಕಕ್ಷಿದಾರನೊಬ್ಬ ಮನೆಗೇ ಬಂದು ಎದುರು ಕೂತಿದ್ದ. ಪತ್ರ ಅಚ್ಚಾಗಲಿ ಎಂದು ವಕೀಲರು ಕಂಪ್ಯೂಟರಿನ ಗುಂಡಿ ಒತ್ತಿದರು. ಮುದ್ರಣ ಯಂತ್ರದಿಂದ ಒಂದು ಆನೆ ಬಂತು. ಆಮೇಲೆ ಇನ್ನೊಂದು ಆನೆ, ಮರಿಯ ಸಮೇತ. ಮಕ್ಕಳು ಬಣ್ಣ ತುಂಬಲೆಂದು ಮೇಲಿನ ಮನೆಯ ಟೀಚರು ತಮ್ಮ ಮನೆಯಲ್ಲಿ ಒತ್ತುತ್ತಿದ್ದ ಆನೆಗಳು ಅವು. ಕಕ್ಷಿದಾರ ಆನೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, “ಸಾರ್, ಎಲ್ಲಿ ಸೈನ್ ಮಾಡ್ಬೇಕು?” ಎಂದು ಕೇಳಿದ.

ಅದೇ ಹೊತ್ತಿಗೆ ನೆಲಮಹಡಿಯ ಅಜ್ಜಿಯ ಟಿವಿಯಲ್ಲಿ ಧಾರಾವಾಹಿ ಮಾಯವಾಗಿ, ಬನಿಯನ್ ಹಾಕಿದ ಗಟ್ಟಿಮುಟ್ಟು ಗಂಡಸೊಬ್ಬ ಪ್ರತ್ಯಕ್ಷನಾದ. “ಬಗ್ಗಿ! ಇನ್ನೂ ಬಗ್ಗಿ! ನಿಮ್ಮಿಂದ ಆಗುತ್ತೆ!” ಎಂದು ಕಿರುಚಿದ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ತೂಕ ಇಳಿಸಲು ಹಚ್ಚಿದ ಪಾಠ ಅದು. ಅಜ್ಜಿ ಹಿಂದಿನ ಕಾಲದವಳು, ದೊಡ್ಡ ದನಿಯಲ್ಲಿ ಹೇಳಿದ್ದನ್ನು ಕೇಳುವ ಅಭ್ಯಾಸ. ಬಗ್ಗಿದಳು. ಏಳಲಾಗಲಿಲ್ಲ.

ಎರಡನೆಯ ಮಹಡಿಯ ನಿವೃತ್ತ ಹೆಡ್‌ಮಾಸ್ತರರ ಟಿವಿಯಲ್ಲಿ ಸಮುದ್ರತೀರದಲ್ಲಿ ನಿಂತ ಒಬ್ಬ ತರುಣಿಯ ಫೋಟೋಗಳು ಒಂದರ ಹಿಂದೊಂದು ತೇಲಿ ಬಂದವು. ಪಕ್ಕದ ಮನೆಯ ಹೊಸ ಜೋಡಿಯ ಪ್ರವಾಸದ ಫೋಟೋಗಳು.

“ಯಾರ್ರೀ ಇವ್ಳು?” ಎಂದರು ಹೆಡ್‌ಮಾಸ್ತರರ ಹೆಂಡತಿ.

“ನನಗೇನೇ ಗೊತ್ತು?”

“ನಿಮ್ ಟಿವಿಗೆ ಬಂದಿದಾಳೆ, ನಿಮಗೆ ಗೊತ್ತಿಲ್ವಾ?”

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮಾತು ನಿಂತಿತು.

ತಂತಿಯೊಳಗೆ ಕಳ್ಳ ನುಗ್ಗಿದ್ದಾನೆ ಎಂಬ ಸುದ್ದಿ ಮೆಟ್ಟಿಲುಗಳ ಮೇಲೆ ಹತ್ತಿ ಇಳಿದು ಹೆಚ್ಚುಹೆಚ್ಚಾಯಿತು. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಒಬ್ಬ ದಪ್ಪ ಮೀಸೆಯ ಕಾನ್ಸ್‌ಟೇಬಲ್ ಬಂದು ವಕೀಲರ ಹಾಲಿನಲ್ಲಿ ವಿಚಾರಣೆ ಶುರುಮಾಡಿದ.

ಇಷ್ಟೆಲ್ಲ ಆಗುವಾಗ ಏನ್ಮಹಾ ಮೂರನೆಯ ಮಹಡಿಯ ತನ್ನ ಮನೆಯಲ್ಲಿ ಹೆಂಡತಿಯನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದ. ಕೇಳುವವರ ಮುಖ ದೊಡ್ಡದಾಗಿ ಕಂಡರೆ ಧೈರ್ಯ ಎಂದು, ಚಿತ್ರವನ್ನು ತಮ್ಮ ಟಿವಿಗೂ ಕಳಿಸಲು ಹೋದ. ಯಾವ ಟಿವಿಗೆ ಎಂದು ಪರದೆ ಕೇಳಿತು. ಎಂದೂ ಇಲ್ಲದ್ದು, ಇವತ್ತು ಒಂದರ ಕೆಳಗೊಂದು ‘ಹಾಲ್ ಟಿವಿ’ಗಳು ಕಂಡವು. ಫರ್ಮ್‌ವೇರ್ ಹೊಸದಲ್ಲವೆ, ಧಾರಾಳವಾಗಿ ತೋರಿಸುತ್ತಿದೆ ಎಂದುಕೊಂಡು ಮೊದಲನೆಯದನ್ನು ಒತ್ತಿದ. ಅವರ ಟಿವಿ ಕಪ್ಪಾಗಿಯೇ ಉಳಿಯಿತು.

“ಬಿಡಿ ರೀ, ಇದೇ ಸಾಕು. ನೀವು ಹೊರಗಿರಿ, ನನಗೆ ನಾಚಿಕೆ ಆಗುತ್ತೆ” ಎಂದು ಅವಳು ಬಾಗಿಲು ಹಾಕಿಕೊಂಡಳು. ಒಳಗಿನಿಂದ “ನಮಸ್ಕಾರ ಸರ್” ಎಂಬ ದನಿ ಕೇಳಿಸಿತು. ಇಂಟರ್‌ವ್ಯೂ ಶುರುವಾಯಿತು.

ಅವನು ಖುಷಿಯಲ್ಲಿ ಮೆಟ್ಟಿಲಿಳಿದರೆ ಕೆಳಗೆ ವಕೀಲರ ಹಾಲಿನಲ್ಲಿ ಜಾತ್ರೆಯಷ್ಟು ಜನ. ಆನೆ, ಬನಿಯನ್ನು, ಸಮುದ್ರ ಎಲ್ಲದರ ಕಥೆ ಕೇಳಿದ ಅವನಿಗೆ ಬೆಳಿಗ್ಗೆ ತಾನು ಮುಟ್ಟಿದ ಪೆಟ್ಟಿಗೆ ನೆನಪಾಯಿತು. ಮೂಲೆಗೆ ಸರಿದು ಕಂಪನಿಗೆ ಫೋನ್ ಮಾಡಿದ. ಆತುರದಲ್ಲಿ ಬೆರಳು ತಾಗಿ ಸ್ಪೀಕರ್ ಆನ್ ಆಗಿದ್ದು ಅವನಿಗೆ ಗೊತ್ತಾಗಲಿಲ್ಲ.

“ಸರ್, ಪೆಟ್ಟಿಗೆ ಎಲ್ಲಾ ಮರೆತುಬಿಟ್ಟಿದೆ. ಎಲ್ಲ ಮನೆಗಳೂ ಒಂದಾಗಿವೆ” ಎಂದಳು ಆ ಹುಡುಗಿ. “ಚಿಂತೆ ಮಾಡ್ಬೇಡಿ, ನಾನು ಇಲ್ಲಿಂದಲೇ ಸರಿಮಾಡ್ತೀನಿ. ಆದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡ್ಬೇಕು. ಲೈನು ಸ್ವಲ್ಪ ಹೊತ್ತು ಹೋಗುತ್ತೆ. ಮಾಡ್ಲಾ?”

“ಬೇಡ!” ಎಂದು ಅವನು ಚೀರಿದ ರಭಸಕ್ಕೆ ಇಡೀ ಹಾಲು ತಿರುಗಿ ನೋಡಿತು. “ಈಗ ಬೇಡ. ಒಂದು ಗಂಟೆ ಬಿಟ್ಟು.”

“ಯಾಕ್ರೀ ಬೇಡ?” ಎಂದರು ವಕೀಲರು. ಅವರ ಕೈಯಲ್ಲಿ ಇನ್ನೂ ಆನೆ ಇತ್ತು. “ಆಫ್ ಮಾಡಿದ್ರೆ ಸರಿಹೋಗುತ್ತೆ ಅಂತಿದಾರೆ ತಾನೆ? ಪ್ಲಗ್ಗು ಇಲ್ಲೇ ಇದೆ. ಕಿತ್ತರಾಯ್ತು!”

“ಕೀಳಬೇಡಿ ಸಾರ್. ಕೈ ಮುಗೀತೀನಿ.”

“ಕಾರಣ?”

ಏನ್ಮಹಾ ಬಾಯಿ ತೆರೆದ. ಹೆಂಡತಿಯ ತಲೆಯ ಮೇಲಿಟ್ಟ ಕೈ ನೆನಪಾಯಿತು. ಬಾಯಿ ಮುಚ್ಚಿದ.

“ಹೇಳೋಕಾಗಲ್ಲ ಸಾರ್.”

ಕಾನ್ಸ್‌ಟೇಬಲ್ ಮೀಸೆಯ ಮೇಲೆ ಕೈಯಾಡಿಸಿದ. “ಓಹೋ! ಪೆಟ್ಟಿಗೆ ಮುಟ್ಟಿದ್ದು ನೀವೇ?”

“ನಾನೇ.”

“ಎಲ್ಲರ ಮನೆ ಟಿವಿ ಒಂದಾಗಿದ್ದು ಅದಾದ್ಮೇಲೆ?”

“ಹೌದು.”

“ಸರಿಮಾಡೋಕೆ ಬಿಡ್ತಿಲ್ಲ. ಯಾಕೆ ಅಂತ ಹೇಳೋಕಾಗಲ್ಲ. ಇನ್ನೂ ಒಂದು ಗಂಟೆ ಬೇಕು. ಏನು ನೋಡ್ಬೇಕು ಅಂತಿದೀರಿ ಆ ಒಂದು ಗಂಟೇಲಿ?”

“ಅಯ್ಯಯ್ಯೋ!” ಎಂದರು ಹೆಡ್‌ಮಾಸ್ತರರ ಹೆಂಡತಿ, ಸೆರಗು ಸರಿಮಾಡಿಕೊಳ್ಳುತ್ತ. “ನಮ್ಮನೇನೆಲ್ಲ ನೋಡ್ತಾ ಕೂತಿದ್ದು ಈ ಮನುಷ್ಯನಾ!”

“ನಾನೇನೂ ನೋಡಿಲ್ಲ ತಾಯೀ!”

“ಅವನೇ ನನ್ನ ಬಗ್ಗಿಸಿದ್ದು” ಎಂದಳು ಯಾರೋ ಮೆಟ್ಟಿಲು ಹತ್ತಿಸಿ ಕರೆತಂದಿದ್ದ ಅಜ್ಜಿ, ಗೋಡೆಗೆ ಆತುಕೊಂಡು ಬಗ್ಗಿದ ಹಾಗೆಯೇ.

ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು. ಏನ್ಮಹಾ ಹಿಂದೆ ಹಿಂದೆ ಸರಿದು ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತ. ಜೀವಮಾನದಲ್ಲಿ ಅವನು ಯಾವುದಕ್ಕೂ ಹೀಗೆ ಅಡ್ಡ ನಿಂತವನಲ್ಲ. ಮೇಲೆ ಅವಳು ಏನೋ ಹೇಳುತ್ತಿರುತ್ತಾಳೆ, ಪ್ಲಗ್ಗು ಕಿತ್ತರೆ ಮತ್ತೆ ಬಾಯಿ ತೆರೆದ ಹಾಗೆಯೇ ಕಲ್ಲಾಗುತ್ತಾಳೆ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಆದರೆ ಆ ಕಾನ್ಸ್‌ಟೇಬಲ್ ಎರಡು ಏನ್ಮಹಾಗಳಷ್ಟು ಅಗಲವಿದ್ದ. ಅವನನ್ನು ಕುರ್ಚಿ ಸರಿಸಿದಂತೆ ಪಕ್ಕಕ್ಕೆ ಸರಿಸಿ, ಪ್ಲಗ್ಗಿನ ಮೇಲೆ ಕೈಯಿಟ್ಟ.

“ಒಂದು ನಿಮಿಷ” ಎಂದರು ವಕೀಲರು. “ಕೀಳೋಕೆ ಮುಂಚೆ ಸಾಕ್ಷಿ ನೋಡ್ಬಿಡೋಣ. ನನ್ನ ಟಿವೀಲಿ ಆ ಕಳ್ಳ ಏನು ಬಿಟ್ಟಿದಾನೋ.”

ಟಿವಿ ಹಾಕಿದರು. ಟಿವಿಯಲ್ಲಿ ಏನ್ಮಹಾನ ಹೆಂಡತಿ ಕೂತಿದ್ದಳು.

ಪಕ್ಕದ ಚೌಕದಲ್ಲಿ ಬಕ್ಕತಲೆಯ ಹಿರಿಯರೊಬ್ಬರು ಮುಖ ಕೆಂಪಗೆ ಮಾಡಿಕೊಂಡು ಅರಚುತ್ತಿದ್ದರು: “ಯಾರ್ರೀ ಅಲ್ಲಿ! ಲಿಫ್ಟು ನಿಂತುಬಿಟ್ಟಿದೆ! ಉಸಿರು ಕಟ್ತಾ ಇದೆ! ಬಾಗಿಲು ಒಡೀತೀನಿ ಈಗ!”

“ಅಯ್ಯೋ ಪಾಪ, ಯಾರೋ ಮುದುಕ ಸಿಕ್ಕಾಕ್ಕೊಂಡಿದಾನೆ” ಎಂದಳು ಅಜ್ಜಿ.

“ಕೂಗಿ ಸರ್, ಪರವಾಗಿಲ್ಲ” ಎಂದಳು ಟಿವಿಯಲ್ಲಿದ್ದ ಅವಳು. ಅವಳ ದನಿಯಲ್ಲಿ ಒಂದು ತೊಟ್ಟು ಗಾಬರಿ ಇರಲಿಲ್ಲ. “ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ. ಈಗ ಒಂದು ಕೆಲಸ ಮಾಡಿ. ಕೈ ತೆಗೀರಿ ಸರ್. ಯಾವುದನ್ನೂ ಎಳೀಬೇಡಿ, ಕೀಳಬೇಡಿ. ಆತುರದಲ್ಲಿ ಮುಟ್ಟಿದ್ರೆ ಕಷ್ಟ ನಮಗೇನೇ.”

ಕಾನ್ಸ್‌ಟೇಬಲ್ ಪ್ಲಗ್ಗಿನಿಂದ ಕೈ ತೆಗೆದ.

“ಹಾಂ, ಹಾಗೆ. ಈಗ ಕೂತ್ಕೊಳ್ಳಿ. ನೆಲದ ಮೇಲಾದ್ರೂ ಸರಿ.”

ವಕೀಲರು ಕೂತರು. ಅವರನ್ನು ನೋಡಿ ಉಳಿದವರೂ ಕೂತರು.

“ನಿಧಾನಕ್ಕೆ ಉಸಿರು ಎಳ್ಕೊಳ್ಳಿ. ಬಿಡಿ. ಇನ್ನೊಂದ್ಸಲ.”

ಇಡೀ ಹಾಲು ಉಸಿರು ಎಳೆದುಕೊಂಡಿತು, ಬಿಟ್ಟಿತು. ಈಗ ತಾನೆ ಒಬ್ಬರ ಮೇಲೊಬ್ಬರು ಬೀಳುವಂತಿದ್ದ ಜನ, ಪಾಠ ಕೇಳುವ ಮಕ್ಕಳಂತಾದರು.

“ಜೊತೇಲಿ ಯಾರಿದಾರೆ ಸರ್?”

“ನನ್ನ ಹೆಂಡ್ತಿ ಇದಾಳೆ” ಎಂದರು ಬಕ್ಕತಲೆಯವರು, ಸ್ವಲ್ಪ ತಗ್ಗಿದ ದನಿಯಲ್ಲಿ.

“ಅವರಿಗೂ ಭಯ ಆಗಿರುತ್ತೆ. ಅವರ ಕೈ ಹಿಡ್ಕೊಳ್ಳಿ.”

ಹೆಡ್‌ಮಾಸ್ತರರು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿ, ಮೆಲ್ಲಗೆ ಕೈ ಚಾಚಿದರು. ಆಕೆ ಮುಖ ಆಚೆ ತಿರುಗಿಸಿಕೊಂಡೇ ಕೈ ಕೊಟ್ಟರು.

ಬಕ್ಕತಲೆಯವರು ಸುಲಭಕ್ಕೆ ಬಿಡುವವರಾಗಿರಲಿಲ್ಲ. ಮತ್ತೆ ದನಿ ಏರಿಸಿದರು. “ಸುಮ್ನೆ ಮಾತಾಡಿ ಕಾಲ ಕಳೀತಿದೀರಿ! ರಿಪೇರಿಯವನು ಬರೋದೇ ಇಲ್ಲ. ಬಂದ್ರೂ ಮಾಡೋಕೆ ಬರಲ್ಲ. ಎಲ್ಲ ದಂಡಪಿಂಡಗಳು!”

ಅವಳು ಒಂದು ಕ್ಷಣ ಸುಮ್ಮನಾದಳು. ಲೈನು ಹೋಯಿತೇ ಎಂದು ಏನ್ಮಹಾನ ಜೀವ ಬಾಯಿಗೆ ಬಂತು. ಲೈನು ಹೋಗಿರಲಿಲ್ಲ. ಅವಳು ಯೋಚಿಸುತ್ತಿದ್ದಳು.

“ಬರ್ತಾರೆ ಸರ್. ರಿಪೇರಿ ಮಾಡೋರ ವಿಷಯ ನನಗೆ ಚೆನ್ನಾಗಿ ಗೊತ್ತು, ನಮ್ಮನೇಲೇ ಒಬ್ಬರಿದಾರೆ. ಕೆಟ್ಟಿದ್ದನ್ನ ಇನ್ನಷ್ಟು ಕೆಡಿಸಿದ್ದೂ ಉಂಟು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಯಾರು ಕರೆದ್ರೂ, ಯಾವ ಹೊತ್ತಲ್ಲಿ ಕರೆದ್ರೂ, ಬರದೇ ಇದ್ದಿದ್ದು ಒಂದು ದಿನಾನೂ ಇಲ್ಲ. ಬರೋವರೆಗೂ ನಾನು ನಿಮ್ಮ ಜೊತೆ ಮಾತಾಡ್ತಾ ಇರ್ತೀನಿ, ಆಯ್ತಾ?”

ಏನ್ಮಹಾನಿಗೆ ಅಳು ಬಂತು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಯಾರೂ ನಗಲಿಲ್ಲ.

“ಇದಕ್ಕೇನ್ರೀ ಕೀಳಬೇಡಿ ಅಂದಿದ್ದು?” ಎಂದು ವಕೀಲರು ಪಿಸುಗುಟ್ಟಿದರು. “ಕೆಲಸದ ಇಂಟರ್‌ವ್ಯೂನಾ? ಬಾಯಿಬಿಟ್ಟು ಹೇಳಬಾರದಿತ್ತಾ?”

“ಯಾರಿಗೂ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾಳೆ ಸಾರ್.”

ಕಾನ್ಸ್‌ಟೇಬಲ್ ಎದ್ದು, ಪ್ಲಗ್ಗಿಗೆ ಬೆನ್ನು ಕೊಟ್ಟು, ಎದುರು ಬಂದವರ ಕಾಲು ಮುರಿಯುವ ಠೀವಿಯಲ್ಲಿ ನಿಂತುಕೊಂಡ. “ಯಾರೂ ಈ ಕಡೆ ಸುಳೀಬಾರ್ದು” ಎಂದ. ಸುಳಿಯುವ ಮನಸ್ಸು ಯಾರಿಗೂ ಇರಲಿಲ್ಲ. ಇನ್ನೂ ಏನೇನೋ ಪ್ರಶ್ನೆ ಬಂದವು. ಅವಳು ಸರಿಯಾದ ಉತ್ತರ ಕೊಟ್ಟಾಗಲೆಲ್ಲ ಹೆಡ್‌ಮಾಸ್ತರರು “ಭೇಷ್” ಎನ್ನುತ್ತಿದ್ದರು. ಕಕ್ಷಿದಾರ ತನ್ನ ಪತ್ರದ ಮಾತನ್ನೇ ಮರೆತಿದ್ದ.

ಕೊನೆಗೆ ಬಕ್ಕತಲೆಯವರು ಪರೀಕ್ಷೆಯ ನಾಟಕ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ ಅಮ್ಮಾ, ಆಮೇಲೆ ತಿಳಿಸ್ತೀವಿ ಅನ್ನೋ ಪದ್ಧತಿ ನನ್ನದಲ್ಲ. ನಮ್ಮ ತೀರ್ಮಾನ ಈಗಲೇ ಹೇಳಿಬಿಡ್ತೀನಿ...”

ಹಾಲಿನಲ್ಲಿ ಎಲ್ಲರೂ ಮುಂದಕ್ಕೆ ವಾಲಿದರು. ಟಿವಿ ಒಮ್ಮೆ ಮಿಟುಕಿತು. ಬನಿಯನ್ ಹಾಕಿದ ಗಂಡಸು ಎದ್ದುಬಂದು, “ಎರಡನೇ ಸುತ್ತು! ಬಗ್ಗಿ!” ಎಂದು ಗರ್ಜಿಸಿದ.

“ಲೋ!” ಎಂದು ಇಡೀ ಹಾಲು ಒಂದೇ ಬಾಯಲ್ಲಿ ಕಿರುಚಿತು.

“ಯಾವನ್ರೀ ಅವನು, ಇಂಥಾ ಹೊತ್ತಲ್ಲಿ ಬಗ್ಗೋನು!” ಎಂದು ಕಾನ್ಸ್‌ಟೇಬಲ್ ಹಲ್ಲಿನ ಡಾಕ್ಟರ ಮನೆಯತ್ತ ಮೆಟ್ಟಿಲು ಹಾರುತ್ತ ಓಡಿದ. ವಕೀಲರು ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿದರು. ಬನಿಯನ್ನಿನವನು ಜಗ್ಗಲಿಲ್ಲ. ಹೆಡ್‌ಮಾಸ್ತರರ ಹೆಂಡತಿ ಅವನಿಗೆ ಶಾಪ ಹಾಕಿದರು. ಏನ್ಮಹಾ ಮಾತ್ರ ಅಲುಗದೆ ಪ್ಲಗ್ಗನ್ನೇ ನೋಡುತ್ತ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅವಳು ಬಂದು ಬಾಗಿಲಲ್ಲಿ ನಿಂತಳು. ನೆಲದ ಮೇಲೆ ಸಾಲಾಗಿ ಕೂತು ತನ್ನನ್ನೇ ನೋಡುತ್ತಿದ್ದ ಕಟ್ಟಡವನ್ನು ನೋಡಿದಳು. ಗಂಡನ ಒದ್ದೆ ಕಣ್ಣು ನೋಡಿದಳು. ಎಲ್ಲರಿಗೂ ಗೊತ್ತಾಗಿದೆ ಎಂದು ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ನಾನು ಯಾರಿಗೂ ಒಂದು ಮಾತೂ ಹೇಳಿಲ್ಲ ಕಣೇ” ಎಂದ ಅವನು ಗಾಬರಿಯಿಂದ. “ನಿನ್ನಾಣೆಗೂ ಹೇಳಿಲ್ಲ. ಇವರೇ ನೋಡಿಬಿಟ್ರು.”

“ಹೌದಮ್ಮ, ಹೇಳಿಲ್ಲ. ಹೊಡೆದಿದ್ರೂ ಹೇಳ್ತಿರ್ಲಿಲ್ಲ” ಎಂದು ವಕೀಲರು ಸಾಕ್ಷಿ ನುಡಿದರು.

ಅವಳು ಗಂಡನ ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ, “ಲೈನು ಒಂದ್ಸಲಾನೂ ಕಡೀಲಿಲ್ಲ ರೀ” ಎಂದಳು.

ಮುಂದಿನದನ್ನು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಹಿಂದಿನ ಎರಡು ಸಲವೂ ಇದೇ ಜನ ಅವಳ ಹಣೆ ನೋಡಿದವರು. ಈಗ ಒಬ್ಬೊಬ್ಬರೂ ಒಂದೊಂದು ಕಡೆ ಕಣ್ಣು ಹಾಯಿಸಿಕೊಂಡು ಕೂತರು. ಅಜ್ಜಿಗೆ ಮಾತ್ರ ತಡೆಯಲಾಗಲಿಲ್ಲ. ಗೋಡೆ ಹಿಡಿದು, ಕತ್ತೆತ್ತಿ ಕೇಳಿದಳು:

“ಅಲ್ಲವೇ ಮಗಾ, ಆ ಮುದುಕ ಲಿಫ್ಟಿಂದ ಈಚೆ ಬಂದನೇನೇ?”

ಅವಳು ಅಜ್ಜಿಯ ಮುಂದೆ ಮಂಡಿಯೂರಿ ಕೂತು, ಆ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಬಂದ್ರು ಅಜ್ಜೀ, ಕ್ಷೇಮವಾಗಿ ಬಂದ್ರು. ಸೋಮವಾರದಿಂದ ಕೆಲಸಕ್ಕೆ ಬಾರಮ್ಮ ಅಂತ ಹೇಳಿ ಹೋದ್ರು.”